ಸಹಾಯ ಬೇಕು: ಕಡಿಮೆ ಫೀಸಿನ ಕಾಲೇಜಲ್ಲಿ ತೆಗೆದ ಕ್ರೆಡಿಟ್ ಆಮೇಲೆ ಲೆಕ್ಕಕ್ಕೆ ಬರುತ್ತಾ?

ಎಲ್ಲರಿಗೂ ನಮಸ್ಕಾರ. ತಮ್ಮನ ಡಿಗ್ರಿ ಖರ್ಚು ಹೇಗೆ ಇಳಿಸೋದು ಅಂತ ತಲೆ ಕೆಡಿಸಿಕೊಂಡು ಕೂತಿದ್ದೇನೆ.

ಅವನು ಮನೆಯಿಂದಲೇ ಓಡಾಡುತ್ತಾನೆ, ಹಾಸ್ಟೆಲ್ ಖರ್ಚಿಲ್ಲ. ಪುಸ್ತಕ ಹಳೆಯವು, ಇಲ್ಲಾಂದ್ರೆ ಲೈಬ್ರರಿಯವು. (ಹಿಂದೆ ಓದಿದವರು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ ಟಿಪ್ಪಣಿ ಪುಕ್ಕಟೆ!) ಸ್ಕಾಲರ್‌ಶಿಪ್ ಒಂದು ಸಿಕ್ಕಿದೆ, ಆದರೆ ಮೊದಲ ವರ್ಷಕ್ಕೆ ಮಾತ್ರ. ದೊಡ್ಡ ಹೊರೆ ಫೀಸೇ.

ಉಳಿದಿರುವ ದಾರಿ ಒಂದೇ. ಮೊದಲ 2 ವರ್ಷ ಕಡಿಮೆ ಫೀಸಿನ ಕಾಲೇಜಲ್ಲಿ ಓದಿ, ಆ ಕ್ರೆಡಿಟ್ (ಪಾಸಾದ ಪ್ರತಿ ಪೇಪರಿಗೆ ಡಿಗ್ರಿ ಲೆಕ್ಕಕ್ಕೆ ಸಿಗುವ ಯೂನಿಟ್) ಹಿಡಿದುಕೊಂಡು ಕೊನೆಯ 2 ವರ್ಷಕ್ಕೆ ದೊಡ್ಡ ಕಾಲೇಜಿಗೆ ಸೇರೋದು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆ ದೊಡ್ಡ ಕಾಲೇಜಿಗೆ ಮೇಲ್ ಮಾಡಿದೆ. ಬಂದ ಉತ್ತರ ಒಂದೇ ಸಾಲು: "ಕ್ರೆಡಿಟ್ ಒಪ್ಪುತ್ತೇವೆ, ವಿವರ ಸೇರಿದ ಮೇಲೆ." ಎರಡು ಸಲ ಫೋನ್ ಮಾಡಿದರೂ ಇದೇ ಮಾತು.

ನನ್ನ ಗೊಂದಲ ಇಲ್ಲೇ. ಕ್ರೆಡಿಟ್ ಒಪ್ಪೋದು ಬೇರೆ, ಅದನ್ನು ಮುಖ್ಯ ವಿಷಯದ ಕಡ್ಡಾಯ ಪೇಪರಿಗೆ ಹಿಡಿಯೋದು ಬೇರೆ. 60 ಕ್ರೆಡಿಟ್ ಒಪ್ಪಿ, ಅರ್ಧಕ್ಕರ್ಧ ಸುಮ್ನೆ ಐಚ್ಛಿಕಕ್ಕೆ ತಳ್ಳಿದರೆ? ಅದೇ ಪಾಠ ಅವನು ಮತ್ತೆ ಕೂತು ಓದಬೇಕು. ಒಂದು ಸೆಮಿಸ್ಟರ್ ಜಾಸ್ತಿ ಆದರೂ ಉಳಿಸಿದ ದುಡ್ಡು ಅಲ್ಲಿಗೇ ಹೋಯ್ತು.

ಹೀಗೆ ಕಾಲೇಜು ಬದಲಾಯಿಸಿ ಡಿಗ್ರಿ ಮುಗಿಸಿದವರು ಇದ್ದೀರಾ? ಫೀಸ್ ಕಟ್ಟುವ ಮೊದಲೇ, ಯಾವ ಪೇಪರ್ ಯಾವುದಕ್ಕೆ ಸಮ ಅಂತ ಬರವಣಿಗೆಯಲ್ಲಿ ಯಾರಿಂದ ತೆಗೆದುಕೊಂಡಿರಿ, ಅಡ್ಮಿಶನ್ ಆಫೀಸಿನಿಂದಲೋ ಡಿಪಾರ್ಟ್‌ಮೆಂಟಿನಿಂದಲೋ? ಪ್ರತಿ ಪೇಪರಿನ ಸಿಲಬಸ್ ಕೊಡಬೇಕಾಯ್ತಾ?