ತೋಟಾ, ಗುಂಡು, ಕಾಡತೂಸು: ಯಾವುದಕ್ಕೆ ಯಾವ ಪದ? (ನಾಳೆ ಬೆಳಿಗ್ಗೆಗೆ ಬೇಕು)

ದಾವಣಗೆರೆಯಿಂದ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ಒಂದು ಸಬ್‌ಟೈಟಲ್ ಕೆಲಸ ಹಿಡ್ಕೊಂಡು ಕೂತಿದೀನಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಕಳಿಸ್ಬೇಕು, ಆದ್ರೆ ಒಂದು ಪದಕ್ಕೆ ಸಿಕ್ಕಾಕ್ಕೊಂಡು ನಿನ್ನೆಯಿಂದ ಮುಂದಕ್ಕೇ ಹೋಗಿಲ್ಲ. ಚಿತ್ರದಲ್ಲಿ ಅಮೆರಿಕದ ಒಬ್ಬ ಮುದುಕ ತನ್ನ ಶೆಡ್ಡಲ್ಲಿ ಕೂತ್ಕೊಂಡು ರಿವಾಲ್ವರಿಗೆ ಬೇಕಾದ ಕಾರ್ಟ್ರಿಜ್ ತಾನೇ ಮಾಡ್ಕೊಳ್ತಾನೆ, ಅಲ್ಲಿ ಅದು ಹವ್ಯಾಸ, ಕಾನೂನಿನ ಅಡ್ಡಿ ಇಲ್ಲ (ನಮ್ಮಲ್ಲಿ ಲೈಸೆನ್ಸ್ ಇಲ್ದೆ ಮಾಡಿದ್ರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ). ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆ, ಅದರ ಬುಡಕ್ಕೆ ಹೊಸ ಪ್ರೈಮರ್ (ಬಡಿದ್ರೆ ಕಿಡಿ ಕೊಟ್ಟು ಮದ್ದು ಹೊತ್ತಿಸೋ ಸಣ್ಣ ಬಿಲ್ಲೆ), ಒಳಗೆ ಮದ್ದು, ಬಾಯಿಗೆ ಬುಲೆಟ್. ಅವನ ವಿಶೇಷ ಏನಂದ್ರೆ ರೈಫಲ್ಲಿಗೆ ಅಂತ ತಯಾರಾದ ಬುಲೆಟ್ ತಂದು ರಿವಾಲ್ವರ್ ಕಾರ್ಟ್ರಿಜ್ಜಿಗೆ ಕೂರಿಸ್ತಾನೆ.

ನಮ್ಮ ಪೇಪರ್ ಭಾಷೇಲಿ ಬುಲೆಟ್ಟೂ ಗುಂಡು, ಕಾರ್ಟ್ರಿಜ್ಜೂ ಗುಂಡು. "ಪಿಸ್ತೂಲು, ಆರು ಜೀವಂತ ಗುಂಡು ವಶ" ಅಂತ ದಿನಾ ಓದ್ತೀವಲ್ಲ. ಆ ಲೆಕ್ಕದಲ್ಲಿ ನನ್ನ ಸಾಲು "ರೈಫಲ್ ಗುಂಡನ್ನ ರಿವಾಲ್ವರ್ ಗುಂಡಿಗೆ ಹಾಕ್ತೀನಿ" ಅಂತಾಗುತ್ತೆ, ಯಾರಿಗೆ ಏನು ತಿಳೀತು? ಸರಿ ಅಂತ ಕಾರ್ಟ್ರಿಜ್ಜಿಗೆ ತೋಟಾ ಅಂತ ಹಾಕಿ, ಚನ್ನಗಿರಿ ಕಡೆಯಿಂದ ಬಂದಿದ್ದ ಮಾವನಿಗೆ ತೋರಿಸಿದೆ. "ತೋಟಕ್ಕೆ ಮದ್ದು ಹಾಕಿದ ಮೇಲೆ" ಅನ್ನೋ ಸಾಲಿಗೆ ನಿಲ್ಲಿಸಿ, ಯಾವ ಮದ್ದು, ಬೋರ್ಡೋನಾ ಅಂತ ಕೇಳಿದ್ರು. ಅಡಿಕೆ ಬೆಳೆಯೋರು, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯೋರು, ಅವರ ತಪ್ಪೇನಿದೆ. ತೋಟಾಕ್ಕೆ ಅಂತ ದೀರ್ಘ ಕೊಟ್ಟು ಬರೆದ್ರೂ ಎರಡು ಸೆಕೆಂಡಲ್ಲಿ ಹೋಗೋ ಸಾಲಲ್ಲಿ ಕಣ್ಣು ಅದನ್ನ ತೋಟ ಅಂತಲೇ ಓದುತ್ತೆ. ದಯವಿಟ್ಟು ಚಿಕ್ಕ ಪದ ಕೊಡಿ, ಸಾಲಿಗೆ ನಾಲ್ಕೈದು ಪದ ಹಿಡಿದ್ರೆ ಹೆಚ್ಚು.

ಚಿತ್ರದುರ್ಗದಿಂದ, 11:25

ತಮ್ಮಾ, ಮೂರೂ ಪದ ಕನ್ನಡದಲ್ಲೇ ಇದಾವೆ. ಗುಂಡು ನಮ್ಮದು. ಕೋವಿ ನಮ್ಮದು, ಕೋವಿ ಅಂದ್ರೆ ಮೊದಲು ಕೊಳವೆ, ಆಮೇಲೆ ಬಂದೂಕು. ಮದ್ದು ನಮ್ಮದು, ಹಳಗನ್ನಡದ ಮರ್ದು, ತಮಿಳಲ್ಲಿ ಮರುಂದು. ಕೋಟೆ ಒಳಗೆ ಆ ದೊಡ್ಡ ಬೀಸೋ ಕಲ್ಲು ನೋಡಿದೀಯಲ್ಲ, ಮದ್ದು ಬೀಸ್ತಿದ್ದ ಕಲ್ಲು ಅಂತಲೇ ಇವತ್ತಿಗೂ ಕರೆಯೋದು. ಆದ್ದರಿಂದ ಕಾರ್ಟ್ರಿಜ್ಜಿಗೆ ಮದ್ದುಗೊಳವೆ. ರಿವಾಲ್ವರಿಗೆ ಉರುಳುಗೋವಿ. ಗ್ರೇನ್ ಅಂತ ತೂಕ ಬಂದ್ರೆ ಗುಂಜಿ ಅನ್ನು. ಕಾಡತೂಸು ಮಾತ್ರ ಬೇಡ, ಅದು ಪೋರ್ಚುಗೀಸರ ಕಾರ್ತೂಶು. ಬೇರೆ ಚರ್ಚೆ ಅನಗತ್ಯ.

ದಾವಣಗೆರೆಯಿಂದ, 11:50

ಮೇಷ್ಟ್ರೇ, ಗುಂಜಿ ಒಪ್ಪೋಕಾಗಲ್ಲ, ಇದು ಬರೀ ಪದದ ಪ್ರಶ್ನೆ ಅಲ್ಲ. ಒಂದು ಗ್ರೇನ್ ಅಂದ್ರೆ 64.8 ಮಿಲಿಗ್ರಾಂ, 7000 ಗ್ರೇನಿಗೆ ಒಂದು ಪೌಂಡು. ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ, ಹತ್ರಹತ್ರ ಎರಡರಷ್ಟು. ಆ ಮುದುಕ ಮದ್ದನ್ನ ಗ್ರೇನಿನ ಹತ್ತನೇ ಒಂದು ಪಾಲು ಹೆಚ್ಚುಕಮ್ಮಿ ಆಗದಂಗೆ ತೂಗ್ತಾನೆ, ನಾನು ಗುಂಜಿ ಅಂತ ಬರೆದ್ರೆ ಅಳತೆ ದುಪ್ಪಟ್ಟು ಆಯ್ತು. ಅಳತೆಗೆ ಅಳತೆಯ ಹೆಸರೇ ಇರಲಿ.

ದಾವಣಗೆರೆಯಿಂದ (ಇನ್ನೊಬ್ಬರು), ಮಧ್ಯಾಹ್ನ 1:15

ನಾನು ಮೂವತ್ತು ವರ್ಷದಿಂದ ಇಲ್ಲೇ, ಹುಟ್ಟಿದ್ದು ಮಲೆನಾಡಲ್ಲಿ. ನಮ್ಮಜ್ಜನ ಹತ್ರ ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು, ಪಕ್ಕದ ಮನೆಯವರದ್ದು ತೋಟಾ ಕೋವಿ. ಅಜ್ಜ ನಳಿಗೆ ಬಾಯಿಂದ ಮದ್ದು ಸುರಿದು, ಮೇಲೆ ಕತ್ತ (ತೆಂಗಿನ ನಾರು) ತುರುಕಿ, ಗಜ ಅನ್ನೋ ಉದ್ದ ಕಡ್ಡೀಲಿ ಜಡಿದು, ಆಮೇಲೆ ಚರೆ, ಅಂದ್ರೆ ಸಣ್ಣ ಸಣ್ಣ ಗುಂಡು, ಹಾಕಿ, ಮತ್ತೆ ಕತ್ತ. ಕೊನೇಲಿ ಹಿಂದ್ಗಡೆ ಮೊಲೆಯಂಥ ಸಣ್ಣ ತುದಿಗೆ ಬೆರಳುಗುರಿನಷ್ಟು ಕೇಪು. ಪಕ್ಕದ ಮನೆಯವರು ತೋಟಾ ಒಂದನ್ನ ಹಿಂದಿಂದ ಇಟ್ಟು ಮುಚ್ಚಿದ್ರೆ ಮುಗೀತು, ಯಾಕಂದ್ರೆ ಅಜ್ಜ ಹಾಕ್ತಿದ್ದ ಅಷ್ಟೂ ಸಾಮಾನು ತೋಟಾದೊಳಗೇ ಇರುತ್ತೆ. ಹಂಗಾಗಿ ಗುಂಡು ಬೇರೆ, ತೋಟಾ ಬೇರೆ ಅನ್ನೋದು ಅಲ್ಲಿ ಹುಡುಗರಿಗೂ ಗೊತ್ತಿತ್ತು. ಗೊಂದಲ ಇರೋದು ಪೇಪರಲ್ಲಿ, ಭಾಷೇಲಿ ಅಲ್ಲ. ಪ್ರೈಮರಿಗೆ ಕೇಪು ಅಂತ ಹಾಕಿ, ಎರಡರ ಕೆಲಸವೂ ಒಂದೇ, ಕಣ್ಮುಚ್ಚಿ ಹಾಕಿ.

ಆದ್ರೆ ನಿಮ್ಮ ಮಾವ ಹೇಳಿದ್ದೂ ನಿಜ, ಅಡಿಕೆ ನಾಡಲ್ಲಿ ತೋಟಾ ಬೇಡ. ಕಾಡತೂಸು ಹಾಕಿ. 1857ರಲ್ಲಿ ಸಿಪಾಯಿಗಳು ಹಲ್ಲಲ್ಲಿ ಕಚ್ಚಿ ಹರೀಬೇಕಿತ್ತಲ್ಲ, ಆ ಕಾಡತೂಸು ಕಾಗದದ ಸುರುಳಿ, ಮದ್ದೂ ಗುಂಡೂ ಎರಡೂ ಅದರೊಳಗೆ. ಶಾಲೇಲಿ ಇತಿಹಾಸ ಓದಿದೋರಿಗೆಲ್ಲ ಪದ ಗೊತ್ತು, ಅರ್ಥವೂ ನಿಮಗೆ ಬೇಕಾದ್ದೇ.

ಇನ್ನು ಕ್ರಿಯಾಪದ. ತುಂಬು ಅಂತ ಹಾಕಬೇಡಿ. ಕಾಡತೂಸು ತುಂಬಿದ ಅಂದ್ರೆ ಕೋವಿಗೆ ತುಂಬಿದ್ನಾ, ಕಾಡತೂಸನ್ನೇ ತಯಾರು ಮಾಡಿದ್ನಾ ಗೊತ್ತಾಗಲ್ಲ. ಕಟ್ಟು ಅನ್ನಿ. ನಮ್ಮೂರಲ್ಲಿ ಬೀಡಿ ಕಟ್ತಾರೆ, ಎಲೆ ಕತ್ತರಿಸಿ, ಹೊಗೆಸೊಪ್ಪು ಇಟ್ಟು, ಸುರುಳಿ ಮಾಡಿ, ಬಾಯಿ ಮಡಚಿ, ದಾರ ಸುತ್ತಿ. ಆ ಮುದುಕ ಮಾಡೋದೂ ಅದೇ ಜಾತಿ ಕೆಲಸ, ಒಂದೊಂದಾಗಿ ಕೈಯಾರೆ. ಕಾಡತೂಸು ಕಟ್ಟೋದು.

ಚಿತ್ರದುರ್ಗದಿಂದ, 1:40

ಬೀಡಿಗೆ ದಾರ ಇದೆ. ಹಿತ್ತಾಳೆಗೆ ದಾರ ಎಲ್ಲಿದೆ? ಒಪ್ಪಲ್ಲ. ಪರರ ಪದ ಒಂದು ಒಳಗೆ ಬಿಟ್ರೆ ಹಿಂದೆ ಹತ್ತು ಬರ್ತಾವೆ, ನಲವತ್ತು ವರ್ಷ ಪಾಠ ಮಾಡಿ ಕಣ್ಣಾರೆ ಕಂಡಿದೀನಿ. ಮಕ್ಕಳು ಅನ್ನಕ್ಕೂ ರೈಸ್ ಅಂತಾರೆ.

ದಾವಣಗೆರೆಯಿಂದ (ಇನ್ನೊಬ್ಬರು), 2:05

ಮೇಷ್ಟ್ರೇ, ರೈಸಿನ ಸಂಕಟ ನನಗೂ ಇದೆ. ಅನ್ನ ಇದ್ದಾಗ ರೈಸ್ ತರೋದು ತಪ್ಪು, ವಸ್ತುವೇ ಹೊರಗಿಂದ ಬಂದಾಗ ಅದರ ಜೊತೆ ಹೆಸರು ಬರೋದು ಬೇರೆ ಮಾತು. ಫಿರಂಗಿ ಅಂತೀವಿ, ತಂದ ಜನರ ಹೆಸರೇ ತೋಪಿಗೆ ನಿಂತಿದೆ. ಬಂದೂಕು ಪಾರಸಿ ದಾರೀಲಿ ಬಂತು, ತುಪಾಕಿ ತುರ್ಕರ ಕಡೆಯಿಂದ. ಪಗಾರ, ಚಾವಿ ಎರಡೂ ಪೋರ್ಚುಗೀಸರವು, ನಮ್ಮೂರ ಗಿರಣಿ ಕಾರ್ಮಿಕರು ಪಗಾರ ಅಂತಲೇ ಅಂತಿದ್ರು, ಅವರ ಕನ್ನಡ ಯಾರ ಕನ್ನಡಕ್ಕೂ ಕಮ್ಮಿ ಇರಲಿಲ್ಲ. ನಿಮ್ಮ ಕೋಟೇಲೇ ಲಾಲ್ ಬತೇರಿ ಅನ್ನೋ ಬುರುಜು ಇದೆ. ಬತೇರಿ ಅನ್ನೋದು ಯುರೋಪಿನವರ ತೋಪಿನ ಮಾತು. ಅದನ್ನ ಕಿತ್ತು ಬೇರೆ ಹೆಸರಿಡಿ ಅಂದ್ರೆ ಮೊದಲು ಅಡ್ಡ ನಿಲ್ಲೋರು ನೀವೇ.

ಚಿತ್ರದುರ್ಗದಿಂದ, 2:20

ಬತೇರಿ ಬೇರೆ.

ದಾವಣಗೆರೆಯಿಂದ, ಸಂಜೆ 4:30

ಜಗಳ ಬಿಡ್ರಪ್ಪ, ಇನ್ನೊಂದು ಪದ ಉಳಿದಿದೆ. ಬುಲೆಟ್ಟಿನ ಸೊಂಟದ ಸುತ್ತ ಸಣ್ಣ ಗೀರು ಇರುತ್ತೆ, ಹಿತ್ತಾಳೆ ಬಾಯನ್ನ ಅದರೊಳಕ್ಕೆ ಮಡಚಿ ಕಚ್ಚಿಸ್ತಾರೆ. ಕಚ್ಚು ಸಡಿಲ ಆದ್ರೆ ಒಂದು ಹಾರಿಸಿದ ಒದೆತಕ್ಕೆ ಉಳಿದ ಗುಂಡುಗಳು ಮುಂದಕ್ಕೆ ಜಾರ್ತಾವಂತೆ, ಆರು ತೂತಿನ ಉರುಳೆಯಿಂದ ತುದಿ ಹೊರಗೆ ಬಂದು ರಿವಾಲ್ವರ್ ತಿರುಗದೇ ಸಿಕ್ಕಾಕ್ಕೊಳ್ಳುತ್ತೆ. ರೈಫಲ್ ಗುಂಡಿಗೆ ಆ ಗೀರು ಬೇಕಾದ ಜಾಗದಲ್ಲಿ ಇರಲ್ಲ, ಕೆಲವಕ್ಕೆ ಇರೋದೇ ಇಲ್ಲ. ಉದ್ದ ಬೇರೆ ಜಾಸ್ತಿ, ಹೊರಗೆ ಬಿಟ್ರೆ ಉರುಳೆಗೆ ಅಡ್ಡ, ಒಳಗೆ ಒತ್ತಿದ್ರೆ ಮದ್ದಿನ ಜಾಗ ತಿಂದು ಒತ್ತಡ ಏರುತ್ತೆ. ಮೇಲಾಗಿ ರೈಫಲ್ ವೇಗಕ್ಕೆ ಅಂತ ದಪ್ಪ ತಾಮ್ರದ ಹೊದಿಕೆ ಹಾಕಿದ ಗುಂಡು ರಿವಾಲ್ವರಿನ ಕಮ್ಮಿ ವೇಗಕ್ಕೆ, ಗುರಿಗೆ ಬಡಿದಾಗ ಅರಳಿ ಅಗಲ ಆಗೋದೇ ಇಲ್ಲ. ಮುದುಕ ಇದನ್ನೆಲ್ಲ ಹೇಳ್ತಾ ಒಂದು ಗುಂಡನ್ನ ಬೆಳಕಿಗೆ ಹಿಡಿದು ಉಗುರಲ್ಲಿ ಆ ಗೀರು ತಡವ್ತಾನೆ, ಆ ಜಾಗಕ್ಕೆ ಪದ ಬೇಕು.

ಹಾಂ, 357 ಮ್ಯಾಗ್ನಂ ಅನ್ನೋ ಕಾರ್ಟ್ರಿಜ್ ಹೆಸರನ್ನ (1935ರದ್ದು) ಹಂಗೇ ಬಿಡ್ತೀನಿ. ಇವಕ್ಕೆಲ್ಲ ಹೆಸರನ್ನ ಅಳತೆ ಅಂತ ನಂಬಂಗಿಲ್ಲ, 38 ಸ್ಪೆಷಲ್ ಅಂತ ಕರೆಯೋದರ ಗುಂಡೂ ಅಳೆದ್ರೆ 0.38 ಅಲ್ಲ, 0.357 ಇಂಚೇ.

ಚಿತ್ರದುರ್ಗದಿಂದ, 5:10

ಉಡದಾರ. ಸೊಂಟದ ಸುತ್ತ ಇರೋದಕ್ಕೆ ನಮ್ಮಲ್ಲಿ ಇನ್ಯಾವ ಪದ ಇದೆ? ಉಡದಾರದ ಗೀರು ಅಂತ ಬರಿ.

ದಾವಣಗೆರೆಯಿಂದ, ರಾತ್ರಿ 9:15

ಮೇಷ್ಟ್ರೇ, ಇದಕ್ಕೆ ಕೈ ಮುಗೀತೀನಿ. ಹಾಕಿಬಿಟ್ಟೆ, ಚಿತ್ರದ ಜೊತೆ ಓದಿದ್ರೆ ವಿವರಣೆಯೇ ಬೇಡ. ಮೊದಲ ಸಾಲು ಹಿಂಗಿದೆ: "ರೈಫಲ್ ಗುಂಡಿಟ್ಟು ರಿವಾಲ್ವರ್ ಕಾಡತೂಸು ಕಟ್ತೀನಿ." ಬುಡಕ್ಕೆ ಕೇಪು, ಒಳಗೆ ಮದ್ದು, ತೂಕಕ್ಕೆ ಗ್ರೇನ್. ಮದ್ದುಗೊಳವೆಯನ್ನ ಪೂರ್ತಿ ಬಿಟ್ಟಿಲ್ಲ, ಖಾಲಿ ಹಿತ್ತಾಳೆಗೆ ಬರೀ ಕೊಳವೆ ಅಂತ ಇಟ್ಕೊಂಡೆ. ಮಾವನಿಗೆ ಮತ್ತೆ ಓದಿಸಿದೆ, ಈ ಸಲ ಎಲ್ಲೂ ನಿಲ್ಲಿಸಲಿಲ್ಲ.

ಚಿತ್ರದುರ್ಗದಿಂದ, 9:40

ಕಾಡತೂಸಿಗೆ ನನ್ನ ಒಪ್ಪಿಗೆ ಇಲ್ಲ ಅಂತ ದಾಖಲಿರಲಿ. ಕೊಳವೆ ಸರಿ ಇದೆ.