ಅಡಿಕೆ ಡ್ರೈಯರ್ ಬೋರ್ಡ್‌ಗೆ ಯಾವ ಟೆಂಪರೇಚರ್ ಸೆನ್ಸರ್ ಹಾಕಲಿ?

ಶಿರಸಿಯಿಂದ (ಪ್ರಶ್ನೆ): ಮಳೆಗಾಲದಲ್ಲಿ ಅಡಿಕೆ ಒಣಗಿಸಲು ಸಣ್ಣ ಡ್ರೈಯರ್ ಮಾಡಿಸಿದ್ದೇವೆ. ಅದಕ್ಕೆ ಇಎಸ್‌ಪಿ32 (ವೈಫೈ ಇರುವ ಸಣ್ಣ ಕಂಟ್ರೋಲರ್ ಚಿಪ್) ಇಟ್ಟು ಬೋರ್ಡ್ ಡಿಸೈನ್ ಮಾಡ್ತಾ ಇದ್ದೇನೆ. ಒಳಗಿನ ಗಾಳಿ 60 ಡಿಗ್ರಿ ದಾಟಿದರೆ ಹೀಟರ್ ಆಫ್ ಆಗಬೇಕು. ಎಲ್‌ಎಂ35 ಅನ್ನೋ ಸೆನ್ಸರ್ ಮನೆಯಲ್ಲೇ ಇದೆ. ಬೋರ್ಡ್ ಮೇಲೇ ಕೂರಿಸಿದರೆ ಸಾಕಾ?

ಕುಮಟಾದಿಂದ: ಸಾಲದು. ಎಲ್‌ಎಂ35ಗೆ ಕನಿಷ್ಠ 4 ವೋಲ್ಟ್ ಬೇಕು, ನಿಮ್ಮ ಬೋರ್ಡ್‌ನಲ್ಲಿರೋದು 3.3. ಬೇರೆ 5 ವೋಲ್ಟ್ ಕೊಟ್ಟರೂ ಅದು ಡಿಗ್ರಿಗೆ ಕೊಡೋದು 10 ಮಿಲಿವೋಲ್ಟ್ ಮಾತ್ರ. ಪಕ್ಕದಲ್ಲಿ ರಿಲೇ (ಹೀಟರ್ ಆನ್-ಆಫ್ ಮಾಡುವ ಸ್ವಿಚ್) ಇದ್ದು ಅಷ್ಟು ನಾಯ್ಸ್ (ವಿದ್ಯುತ್ತಿನ ಏರುಪೇರು) ಬಂದರೆ ಲೆಕ್ಕ ಒಂದು ಡಿಗ್ರಿ ತಪ್ಪಿಹೋಯ್ತು.

ನಾನಾದರೆ ಡಿಎಸ್18ಬಿ20 ಹಾಕ್ತೇನೆ, ಸ್ಟೀಲ್ ಕೊಳವೆಯಲ್ಲಿ ವೈರ್ ಸಮೇತ ಬರುತ್ತದಲ್ಲ, ಅದು. ಮೈನಸ್ 10ರಿಂದ 85ರವರೆಗೆ ಅರ್ಧ ಡಿಗ್ರಿ ಆಚೀಚೆ. ಡೇಟಾ ಲೈನ್‌ಗೆ 4.7ಕೆ ಪುಲ್‌ಅಪ್ (ಆ ಲೈನನ್ನು 3.3 ವೋಲ್ಟ್‌ಗೆ ಎಳೆದು ಹಿಡಿಯುವ ರೆಸಿಸ್ಟರ್) ಮರೆಯಬೇಡಿ. 12 ಬಿಟ್‌ನಲ್ಲಿ, ಅಂದರೆ ಅತಿ ಸೂಕ್ಷ್ಮವಾಗಿ ಅಳೆಯುವಾಗ, ಒಂದು ರೀಡಿಂಗ್‌ಗೆ ಮುಕ್ಕಾಲು ಸೆಕೆಂಡ್ ಬೇಕು, ಅಡಿಕೆಗೇನು ಅವಸರ ಇಲ್ಲ! ಪೇಟೆಯಲ್ಲಿ ನಕಲಿ ಬಹಳ. ತಂದ ಕೂಡಲೇ ಕರಗುತ್ತಿರುವ ಐಸ್ ನೀರಲ್ಲಿ ಅದ್ದಿ, ಸೊನ್ನೆ ತೋರಿಸುತ್ತದಾ ನೋಡಿ.

ಹೊನ್ನಾವರದಿಂದ: ಮೇಲಿನವರು ಹೇಳಿದ್ದು ಸರಿ. ಅದಕ್ಕಿಂತ ಮೊದಲು ಒಂದು ಪ್ರಶ್ನೆ: ಅಳೆಯಬೇಕಾದ್ದು ಗಾಳಿಯನ್ನೋ, ಬೋರ್ಡನ್ನೋ? ಬೋರ್ಡ್‌ಗೆ ಬೆಸೆದ ಸೆನ್ಸರ್ ಬೋರ್ಡ್‌ನ ಬಿಸಿಯನ್ನೇ ಹೇಳುತ್ತದೆ. ರೆಗ್ಯುಲೇಟರ್ (ವೋಲ್ಟೇಜ್ ಹಿಡಿತದಲ್ಲಿಡುವ ಭಾಗ), ವೈಫೈ ಚಿಪ್ ಇವುಗಳ ಬಿಸಿ ಬೋರ್ಡ್‌ನ ಗ್ರೌಂಡ್ ತಾಮ್ರದ ಪದರದಲ್ಲೇ ಹರಿದು ಬರುತ್ತದೆ. ಟಿಎಂಪಿ117 ತರಹದ, 0.1 ಡಿಗ್ರಿ ನಿಖರತೆಯ ಸೆನ್ಸರ್ ತಂದು ಅಲ್ಲಿ ಕೂರಿಸಿದರೆ ದುಡ್ಡು ದಂಡ. ಬೋರ್ಡ್ ಮೇಲೇ ಬೇಕು ಅಂತಾದರೆ ಒಂದು ಮೂಲೆಗೆ ಒಯ್ದು, ಬಿಸಿ ದಾಟದ ಹಾಗೆ ಸುತ್ತ ಸ್ಲಾಟ್ (ಸೀಳು) ಕೊರೆಸಿ, ಅಡಿಯ ತಾಮ್ರ ತೆಗೆಸಿ. ನಿಮ್ಮ ಕೆಲಸಕ್ಕೆ ಸುಮ್ನೆ ಸೆನ್ಸರ್ ವೈರ್‌ಗೆ ಕನೆಕ್ಟರ್ ಇಡಿ, ಬೋರ್ಡ್ ಡ್ರೈಯರ್ ಹೊರಗಿರಲಿ.

ಕಾರವಾರದಿಂದ: ನಮ್ಮಲ್ಲಿ ಮೀನಿನ ಕೋಲ್ಡ್ ರೂಮಿಗೆ 10ಕೆ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಹಾಕಿದ್ದೇವೆ. ಅಗ್ಗ, ಸಾಕಷ್ಟು ಸರಿ. ನಮಗೆ ಕಾಟ ಕೊಡೋದು ಸೆನ್ಸರ್ ಅಲ್ಲ, ಕನೆಕ್ಟರ್. ಉಪ್ಪುಗಾಳಿಗೆ ಪಿನ್ ಹಸಿರಾಗುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಮಳೆಗಾಲದ ತೇವ ಕಡಿಮೆಯಾ? ಬೋರ್ಡ್‌ಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಹೊಡೆಯಿರಿ, ಕನೆಕ್ಟರ್‌ಗೆ ಮಾತ್ರ ಟೇಪ್ ಸುತ್ತಿ ಬಿಟ್ಟು.

ಕುಮಟಾದಿಂದ: ಇನ್ನೊಂದು, ಇದು ಮುಖ್ಯ. ಡಿಎಸ್18ಬಿ20 ಪವರ್ ಬಂದ ಹೊಸತರಲ್ಲಿ, ಅಳೆಯುವ ಮೊದಲೇ ಓದಿದರೆ 85 ತೋರಿಸುತ್ತದೆ. ಅದನ್ನು ನಂಬಬೇಡಿ. ವೈರ್ ಇಲಿ ಕಡಿದರೆ ಆರ್ಡ್ಯುನೊ ಲೈಬ್ರರಿ (ಸೆನ್ಸರ್ ಓದಲು ಬಳಸುವ ಸಿದ್ಧ ಕೋಡ್) ಮೈನಸ್ 127 ಕೊಡುತ್ತದೆ. ಕೋಡ್ ಅದನ್ನು ಚಳಿ ಅಂದುಕೊಂಡು ಹೀಟರ್ ಉರಿಸುತ್ತಲೇ ಇದ್ದರೆ? ರೀಡಿಂಗ್ ಅಸಂಬದ್ಧವಾದರೆ ಹೀಟರ್ ಆಫ್, ಅಷ್ಟೇ. ಜೊತೆಗೆ ಹೀಟರ್ ಲೈನಿನಲ್ಲೇ ಒಂದು ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ತಾನೇ ಕಡಿದುಕೊಳ್ಳುವ ಫ್ಯೂಸ್) ಹಾಕಿ, ರಿಲೇ ಅಂಟಿಕೊಂಡರೆ ಯಾವ ಕೋಡೂ ಕೈ ಹಿಡಿಯಲ್ಲ.

ಶಿರಸಿಯಿಂದ: ಇಲಿ ನೆನಪಿಸಿದ್ದು ಒಳ್ಳೇದಾಯ್ತು ಮಾರಾಯ್ರೇ, ಅಟ್ಟದ ತುಂಬ ಅವೇ. ಪ್ರೋಬ್ (ಆ ಸೆನ್ಸರ್ ಕೊಳವೆ) ಎಲ್ಲಿ ತೂಗಿಸಲಿ?

ಹೊನ್ನಾವರದಿಂದ: ಮೊದಲ ತಟ್ಟೆಯ ಮೇಲೆ, ಬಿಸಿ ಗಾಳಿ ಒಳಗೆ ಬರುವ ಕಡೆ. ಅಲ್ಲೇ ಜಾಸ್ತಿ ಬಿಸಿ. ಲೋಹದ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಿ, ವೈರ್ ಕಬ್ಬಿಣದ ಪೈಪಿನೊಳಗೆ ಹೋಗಲಿ.