ಪದ ಬೇಕು: ಫ್ಲ್ಯಾಂಜ್ ಡಿಸ್ಟೆನ್ಸ್ (ಹಳೇ ಲೆನ್ಸ್, ಹೊಸ ಕ್ಯಾಮೆರಾ)

ಎಲ್ಲರಿಗೂ ನಮಸ್ಕಾರ. ಗೆಳೆಯರೊಬ್ಬರ ಹಳೇ ಕ್ಯಾಮೆರಾ ಅಂಗಡಿಗೆ ಕನ್ನಡದಲ್ಲಿ ಬೋರ್ಡ್ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಹಳೇ ಮ್ಯಾನ್ಯುಯಲ್ ಲೆನ್ಸನ್ನು ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಾಕುವ ವಿಷಯ. ಫ್ಲ್ಯಾಂಜ್ ಡಿಸ್ಟೆನ್ಸ್ ಅನ್ನುವ ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಲೆನ್ಸ್ ಬಂದು ಕೂರುವ ಲೋಹದ ಬಳೆಯಿಂದ (ಅದೇ ಮೌಂಟ್) ಚಿತ್ರ ಹಿಡಿಯುವ ಸೆನ್ಸರ್‌ವರೆಗಿನ ದೂರ ಅದು. ನಿಕಾನ್ ಎಫ್‌ನಲ್ಲಿ 46.5 ಮಿ.ಮೀ., ಸೋನಿ ಇ ಮೌಂಟಿನಲ್ಲಿ 18. ಉಳಿದ 28.5 ಮಿ.ಮೀ. ತುಂಬಿಸುವುದೇ ಅಡಾಪ್ಟರ್ ಕೆಲಸ. ಒಳಗೆ ಗಾಜಿಲ್ಲ. "ಖಾಲಿ ಕೊಳವೆಗೆ ಇಷ್ಟು ದುಡ್ಡಾ" ಅಂತ ಗಿರಾಕಿಗಳು ಜಗಳ ಆಡುತ್ತಾರಂತೆ, ಅದಕ್ಕೇ ಬೋರ್ಡು. "ಸಂಗಮ ದೂರ" ಅಂತ ಹಾಕಬಹುದಾ?
— ಮೈಸೂರು

> "ಸಂಗಮ ದೂರ" ಅಂತ ಹಾಕಬಹುದಾ?

ಬೇಡ. ಅದು ಫೋಕಲ್ ಲೆಂಗ್ತ್. ಹತ್ತನೇ ಕ್ಲಾಸಿನ ವಿಜ್ಞಾನದಲ್ಲೇ ಇದೆ. 50 ಎಂಎಂ ಲೆನ್ಸನ್ನು ಯಾವ ಕ್ಯಾಮೆರಾಕ್ಕೆ ಹಾಕಿದರೂ ಸಂಗಮ ದೂರ 50 ಎಂಎಂ. ನೀವು ಕೇಳುತ್ತಿರುವುದು ಮೌಂಟಿನ ಅಳತೆ. "ಮೌಂಟ್ ದೂರ" ಸಾಕು.
— ಶಿವಮೊಗ್ಗ

ಮೌಂಟ್ ದೂರ? ಅರಿಸಮಾಸ. ಅಲ್ಲದೆ ಸಾಲಿಗೊಂದು ಸಲ "ಲೆನ್ಸ್" ಅನ್ನುವುದನ್ನು ಮೊದಲು ಬಿಡಿ. ಮಸೂರ ಅನ್ನುವ ಒಳ್ಳೆಯ ಪದ ಇದೆ.
— ಧಾರವಾಡ

ಮಸೂರ ಯಾವಾಗ ಕನ್ನಡವಾಯಿತು ಮೇಷ್ಟ್ರೇ? ಲ್ಯಾಟಿನ್ನಿನಲ್ಲಿ ಲೆನ್ಸ್ ಅಂದರೆ ಒಂದು ಬೇಳೆಕಾಳು. ಗಾಜು ಆ ಕಾಳಿನಂತೆ ಇದೆ ಅಂತ ಅದಕ್ಕೆ ಆ ಹೆಸರು. ಅದೇ ಕಾಳಿಗೆ ಸಂಸ್ಕೃತದಲ್ಲಿ ಮಸೂರ. ನಮ್ಮ ಅಡುಗೆಮನೆಯಲ್ಲಿ ಅದು ಚನ್ನಂಗಿ ಬೇಳೆ. ಅಚ್ಚಗನ್ನಡವೇ ಬೇಕಾದರೆ ಚನ್ನಂಗಿ ಅನ್ನಿ, ನಾಚಿಕೆ ಯಾಕೆ?
— ತುಮಕೂರು

"ಹಳೇ ಚನ್ನಂಗಿ ಇದೆಯಾ" ಅಂದರೆ ಪಕ್ಕದ ದಿನಸಿ ಅಂಗಡಿ ತೋರಿಸುತ್ತಾರೆ, ಅದೂ ಮೂಗು ಮುಚ್ಚಿಕೊಂಡು.

ಅರಿಸಮಾಸದ ಮಾತು ಇಲ್ಲಿ ಸುಮ್ನೆ. ಆ ನಿಯಮ ಇರುವುದು ಸಂಸ್ಕೃತ-ಕನ್ನಡದ ಕೂಡಿಕೆಗೆ. ಕೇಶಿರಾಜನೇ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ಅಂಗಡಿ ಬೋರ್ಡಿಗೆ ಕೊಡುತ್ತಿರಲಿಲ್ಲವಾ?
— ಶಿವಮೊಗ್ಗ

ಹೀಗೇ ಒಂದೊಂದಕ್ಕೂ ವಿನಾಯಿತಿ ಕೊಟ್ಟೇ ಮಕ್ಕಳಿಗೆ ಕನ್ನಡದಲ್ಲಿ ಒಂದು ವಸ್ತುವಿನ ಹೆಸರೂ ಬಾರದ ಹಾಗಾಗಿದೆ.
— ಧಾರವಾಡ

ನಿಮ್ಮ ಮನೆಯ ಬೀರು ಫ್ರೆಂಚಿನ ಬ್ಯೂರೋ. ಅದರೊಳಗಿನ ಬಟ್ಟೆಯೇನೂ ಮೈಲಿಗೆ ಆಗಿಲ್ಲವಲ್ಲ.
— ತುಮಕೂರು

ನಾನು ಲೆನ್ಸ್ ರಿಪೇರಿ ಮಾಡುವವನು. ಪದ ಯಾವುದಾದರೂ ಇರಲಿ, ಒಂದು ವಿಷಯ ತಪ್ಪಬಾರದು. ಅಡಾಪ್ಟರ್ ದೂರವನ್ನು ಕೂಡಿಸಬಲ್ಲದು, ಕಳೆಯಲಾರದು. ಹೀಲಿಯೋಸ್ 44-2 ತರಹದ ಎಂ42 ತಿರುಪಿನ ಲೆನ್ಸಿಗೆ ಬೇಕಾದದ್ದು 45.46 ಮಿ.ಮೀ. ಸೋನಿಯಲ್ಲಿ 27.46ರ ಕೊಳವೆ ಹಾಕಿದರೆ ಮುಗಿಯಿತು. ಅದೇ ಲೆನ್ಸನ್ನು ನಿಕಾನ್ ಎಫ್ ಬಾಡಿಗೆ ಹಾಕಿ ನೋಡಿ: ಅಲ್ಲಿ ಬಾಡಿಯ ದೂರವೇ ಒಂದು ಮಿ.ಮೀ.ಗಿಂತ ಜಾಸ್ತಿ. ಹತ್ತಿರದ ಹೂವು ಚೆನ್ನಾಗಿ ಬರುತ್ತದೆ, ದೂರದ ಬೆಟ್ಟ ಎಷ್ಟು ತಿರುಗಿಸಿದರೂ ಮಸುಕು. ಸರಿಮಾಡಲು ಗಾಜಿರುವ ಅಡಾಪ್ಟರ್ ಬೇಕು. ಅಗ್ಗದ ಗಾಜಾದರೆ ಚಿತ್ರ ಕೆಡುತ್ತದೆ. ಹಾಗಾಗಿ ಬೋರ್ಡಿನಲ್ಲಿ "ಇನ್ಫಿನಿಟಿ", "ಅನಂತ" ಎರಡೂ ಬೇಡ. "ದೂರದ್ದು ಸ್ಪಷ್ಟವಾಗುವುದಿಲ್ಲ" ಅಂತ ಬರೆಯಿರಿ. ಗಿರಾಕಿಗೆ ಅರ್ಥವಾಗುವುದು ಅದೇ.
— ಬೆಂಗಳೂರು

ಬಹಳ ಉಪಕಾರವಾಯಿತು ಸಾರ್. ಮೊದಲ ಸಲ "ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ವರೆಗಿನ ದೂರ" ಅಂತ ಬಿಡಿಸಿ ಬರೆದು, ಆಮೇಲೆ "ಮೌಂಟ್ ದೂರ" ಅಂತ ಹಾಕುತ್ತಿದ್ದೇನೆ. ಅಡಾಪ್ಟರ್ ಅಡಾಪ್ಟರ್ ಆಗಿಯೇ ಇರುತ್ತದೆ.
— ಮೈಸೂರು

ಹೊಂದುಬಳೆ ಅನ್ನಬಹುದಿತ್ತು. ಇಂಗ್ಲಿಷನ್ನೇ ಹಾಕುವುದಾದರೆ ಇಲ್ಲಿ ಕೇಳಿದ್ದು ಯಾಕೆ?
— ಧಾರವಾಡ

ಹೊಂದುಬಳೆ ಚೆನ್ನಾಗಿದೆ, ಬಳೆ ಅಂಗಡಿಗೆ.

ಮೈಸೂರಿನವರೇ, ಪ್ರಿಂಟಿಗೆ ಕೊಡುವ ಮೊದಲು ಇನ್ನೊಂದು ಸಾಲು ಸೇರಿಸಿ. ಹಳೇ ಲೆನ್ಸಿನಿಂದ ಕ್ಯಾಮೆರಾಕ್ಕೆ ಯಾವ ಸುದ್ದಿಯೂ ಹೋಗುವುದಿಲ್ಲ. ಲೆನ್ಸೇ ಇಲ್ಲ ಅಂತ ತಿಳಿದು ಎಷ್ಟೋ ಕ್ಯಾಮೆರಾಗಳು ಶಟರ್ ಒತ್ತಲು ಬಿಡುವುದಿಲ್ಲ. ಮೆನುವಿನಲ್ಲಿ "ಲೆನ್ಸ್ ಇಲ್ಲದೆ ಶಟರ್" ಆನ್ ಮಾಡಬೇಕು. ನನ್ನ ಹತ್ತಿರ "ಅಡಾಪ್ಟರ್ ಕೆಟ್ಟಿದೆ" ಅಂತ ಬರುವವರಲ್ಲಿ ಜಾಸ್ತಿ ಜನರ ತೊಂದರೆ ಇದೇ.
— ಬೆಂಗಳೂರು